ಹನ್ನೆರಡು ಐವತ್ತನಾಲ್ಕರ ಕರೆ

ಮಂಗಳವಾರ ಮಧ್ಯಾಹ್ನ ಹನ್ನೆರಡು ಇಪ್ಪತ್ತಕ್ಕೆ ಯೋರುನ್ ರೆಕ್ಡಾಲ್ ಮೀನುಮರಿ ಕೇಂದ್ರದ ಮೂರನೆಯ ಹಾಲ್‌ನ ಬಾಗಿಲು ತಳ್ಳಿದಳು. ನೀರು ಸುತ್ತುವ ಸದ್ದು ಎಂದಿನಂತೆಯೇ ಇತ್ತು. ಆದರೆ ನಾಲ್ಕನೆಯ ತೊಟ್ಟಿಯ ಕಡೆಯಿಂದ ಇನ್ನೊಂದು ಸದ್ದು ಬರಬೇಕಿತ್ತು — ಮರಿ ಸಾಲ್ಮನ್‌ಗಳು ಚಿಮ್ಮಿ ಬೀಳುವ ಸದ್ದು. ಅದು ಇರಲಿಲ್ಲ. ಇಪ್ಪತ್ತನಾಲ್ಕು ವರ್ಷ ಅದೇ ಕೆಲಸ ಮಾಡಿದವಳಿಗೆ ತೊಟ್ಟಿಯ ಅಂಚಿಗೆ ಹೋಗುವ ಮೊದಲೇ ಗೊತ್ತಾಯಿತು.

ಎಂಬತ್ತಾರು ಸಾವಿರ ಮೀನು. ಹೊಟ್ಟೆ ಮೇಲಾಗಿ, ಬಾಯಿ ತೆರೆದುಕೊಂಡು, ನೀರಿನ ಜೊತೆ ನಿಧಾನವಾಗಿ ಸುತ್ತುತ್ತಿದ್ದವು. ಇನ್ನೊಂದು ವಾರಕ್ಕೆ ಸಮುದ್ರಕ್ಕೆ ಇಳಿಯಬೇಕಿದ್ದ ಮೀನುಗಳು.

ನಾನು ಮೀನುಗಳ ವೈದ್ಯೆ. ಹೆಸರು ಆಸ್ಲೌಗ್. ಬೆಟ್ಟಗಳ ನಡುವೆ ಚಾಚಿದ ಕಡಲಿನ ಈ ಫಿಯೋರ್ಡ್‌ನ ಉದ್ದಕ್ಕೂ ಇರುವ ಐದು ಮರಿಕೇಂದ್ರಗಳನ್ನು ನೋಡಿಕೊಳ್ಳುತ್ತೇನೆ. ಸ್ಟ್ರೌಮ್‌ವೋಗ್ ಅವುಗಳಲ್ಲಿ ಒಂದು. ನಾನು ಅಲ್ಲಿಗೆ ತಲುಪಿದಾಗ ಒಂದು ಗಂಟೆ ದಾಟಿತ್ತು. ಕಿವಿರು ಬಿಡಿಸಿ ನೋಡಿದೆ. ರೋಗವಲ್ಲ, ವಿಷವಲ್ಲ. ಉಸಿರುಗಟ್ಟಿ ಸತ್ತಿದ್ದವು.

ಆಮ್ಲಜನಕದ ವಾಲ್ವ್‌ನಲ್ಲಿ ಒಂದು ಸ್ಪ್ರಿಂಗ್ ಮುರಿದಿತ್ತು. ಮುರಿದದ್ದು ಹನ್ನೊಂದು ಮೂವತ್ತೆಂಟಕ್ಕೆ — ಅಳತೆಯ ಗೆರೆ ಅಲ್ಲಿಂದಲೇ ಇಳಿದಿದೆ. ಸ್ಪ್ರಿಂಗ್ ಮುರಿಯುವುದು ಎಲ್ಲ ಕಡೆ ಇದ್ದದ್ದೇ. ಅದಕ್ಕೆಂದೇ ಎಚ್ಚರಿಕೆಯ ವ್ಯವಸ್ಥೆ ಇರುವುದು. ಆಮ್ಲಜನಕ ಶೇಕಡಾ ಎಪ್ಪತ್ತಕ್ಕಿಂತ ಕೆಳಗಿಳಿದರೆ ಒಂದು ನಿಮಿಷದೊಳಗೆ ಪಾಳಿಯಲ್ಲಿರುವವರ ಫೋನ್ ಹೊಡೆದುಕೊಳ್ಳಬೇಕು. ಅವರು ಓಡಿಹೋಗಿ ತುರ್ತು ಸಿಲಿಂಡರ್ ತಿರುಗಿಸಬೇಕು. ಊಟದ ಕೋಣೆಯಿಂದ ಆ ಸಿಲಿಂಡರ್‌ಗೆ ನಲವತ್ತು ಹೆಜ್ಜೆ. ಆ ಹೊತ್ತಿನಲ್ಲಿ ಊಟದ ಕೋಣೆಯಲ್ಲಿ ಐದು ಜನ ಕೂತು ಕಂದು ಚೀಸ್ ಹಚ್ಚಿದ ಬ್ರೆಡ್ ತಿನ್ನುತ್ತಿದ್ದರು. ಪಾಳಿ ಯೋರುನ್‌ಳದು. ಫೋನ್ ಅವಳ ಜೇಬಿನಲ್ಲಿತ್ತು.

ಅದು ಹೊಡೆದುಕೊಂಡದ್ದು ಹನ್ನೆರಡು ಐವತ್ತನಾಲ್ಕಕ್ಕೆ. ಆಗ ಅವಳು ಮೊಣಕೈವರೆಗೆ ಸತ್ತ ಮೀನಿನಲ್ಲಿದ್ದಳು. ಪಕ್ಕದಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಶುಕ್ರವಾರದ ಹೊತ್ತಿಗೆ ಕಂಪನಿಯ ಗಣಕ ವಿಭಾಗದ ಮುಖ್ಯಸ್ಥ ಹಾಲ್ವಾರ್ ಬ್ರೆಕ್ಕೆ ಬೆರ್ಗನ್‌ನಿಂದ ವರದಿ ಕಳಿಸಿದ. ಘಟನೆಯ ದಿನ, ಪಾಳಿಯವರಿಗೆ ಕರೆ ಮಾಡುವ ತಂತ್ರಾಂಶ ಸೇವೆಯನ್ನು ನಾಲ್ಕೂವರೆ ಸಾವಿರ ಸಲ ತಪಾಸಣೆ ಮಾಡಲಾಗಿದೆ. ನಾಲ್ಕೂವರೆ ಸಾವಿರ ಸಲವೂ 'ಕ್ಷೇಮ' ಎಂಬ ಉತ್ತರ ಬಂದಿದೆ. ಆದ್ದರಿಂದ ವ್ಯವಸ್ಥೆಯಲ್ಲಿ ದೋಷವಿಲ್ಲ. ಪಾಳಿಯವರು ಫೋನನ್ನು ಮೌನದಲ್ಲಿಟ್ಟಿರಬೇಕು, ಅಥವಾ ಜಾಲಸಂಪರ್ಕ ಆರಿಸಿಟ್ಟಿರಬೇಕು. ತಡವಾಗಿ ಬಂದ ಕರೆಯೇ ಅದಕ್ಕೆ ಸಾಕ್ಷಿ.

ಸೋಮವಾರ ಯೋರುನ್‌ಳಿಗೆ ಮನೆಯಲ್ಲೇ ಇರುವಂತೆ ಹೇಳಿದರು. ಮುನ್ನೂರು ಜನರ ಊರು. ಅಂಗಡಿಯಲ್ಲಿ ಅವಳು ಒಳಗೆ ಬಂದರೆ ಮಾತು ಹವಾಮಾನದ ಕಡೆಗೆ ತಿರುಗುತ್ತಿತ್ತು.

ಕಾರ್ಮಿಕ ಸಂಘ ಒಪ್ಪಲಿಲ್ಲ. ಹೊರಗಿನವರೊಬ್ಬರು ನೋಡಲಿ ಎಂದು ಹಟ ಹಿಡಿಯಿತು. ಹಾಗೆ ಬಂದವನು ಒಡ್‌ಮುನ್ ಯೆಲ್ಲೆ.

*

ಅವನನ್ನು ದೋಣಿಕಟ್ಟೆಯಿಂದ ಕರೆತರುವ ಕೆಲಸ ನನ್ನದಾಯಿತು. ಅರವತ್ತಮೂರು ವರ್ಷ, ಗಡ್ಡದಲ್ಲಿ ಜಾಮ್. ಫೆರ್ರಿಯಲ್ಲಿ ಎರಡು ಸ್ವೇಲೆ, ಜಾಮ್ ಹಚ್ಚಿದ ದಪ್ಪ ಸಿಹಿದೋಸೆ, ತಿಂದು ಮೂರನೆಯದನ್ನು ಕಾಗದದಲ್ಲಿ ಸುತ್ತಿಕೊಂಡು ಇಳಿದಿದ್ದ. ಮೂವತ್ತು ವರ್ಷ ಕರಾವಳಿ ರೇಡಿಯೊದಲ್ಲಿ ಕೂತು ಹಡಗುಗಳ ದನಿ ಕೇಳಿದವನು. ರೇಡಿಯೊ ಕೇಂದ್ರ ಮುಚ್ಚಿದ ಮೇಲೆ ಕೆಟ್ಟುಹೋದ ವ್ಯವಸ್ಥೆಗಳು ಏಕೆ ಕೆಟ್ಟವು ಎಂದು ಹುಡುಕುವ ಕೆಲಸ ಹಿಡಿದಿದ್ದ.

ಕಾರಿನಲ್ಲಿ ನಾನು ನಡೆದದ್ದನ್ನೆಲ್ಲ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಒಂದೇ ಪ್ರಶ್ನೆ.

"ಹಾಲ್ವಾರ್‌ನ ವರದಿಯಲ್ಲಿ ಆ ದಿನದ ದಾಖಲೆ ಎಷ್ಟು ಗಂಟೆಗೆ ಮುಗಿಯತ್ತೆ?"

"ಹನ್ನೆರಡೂವರೆಗೆ."

"ಯಾಕೆ?"

"ಅಷ್ಟೊತ್ತಿಗೆ ಮೀನೆಲ್ಲ ಸತ್ತಿತ್ತಲ್ಲ."

ಅವನು ಸ್ವೇಲೆಯ ಕಾಗದ ಬಿಚ್ಚಿದ. "ಮೀನು ಸತ್ತಿತ್ತು. ಫೋನ್ ಸತ್ತಿರ್ಲಿಲ್ಲ," ಎಂದ.

ಮೊದಲು ಹಾಲ್ವಾರ್. ಅವನು ಬೆರ್ಗನ್‌ನಲ್ಲೇ ಕೂತು ಪರದೆಯ ಮೇಲೆ ಕಾಣಿಸಿಕೊಂಡ. ಇಸ್ತ್ರಿಯ ಅಂಗಿ, ಹಿಂದೆ ಪುಸ್ತಕದ ಕಪಾಟು. ಘಟನೆಯ ದಿನವೂ ಅಲ್ಲೇ ಇದ್ದೆ, ಹನ್ನೆರಡರಿಂದ ಎರಡರವರೆಗೆ ಹದಿನಾಲ್ಕು ಜನರ ಸಭೆಯಲ್ಲಿ ಮಾತಾಡುತ್ತಿದ್ದೆ ಎಂದು ಕೇಳುವ ಮೊದಲೇ ಹೇಳಿದ. ಯೋರುನ್ ಬಗ್ಗೆ ತನಗೇನೂ ದ್ವೇಷವಿಲ್ಲ. ಆದರೆ ಹೋದ ಚಳಿಗಾಲದಿಂದ ಅವಳು ಫೋನಿನ ಕಾಟದ ಬಗ್ಗೆ ಗೊಣಗುತ್ತಿದ್ದಳು, ಅದೂ ದಾಖಲೆಯಲ್ಲಿದೆ, ಎಂದ.

ಒಡ್‌ಮುನ್ ಅವನನ್ನು ಎರಡು ಬಗೆಯ ಕಾಗದ ಕೇಳಿದ. ಅಂದಿನ ಪೂರ್ತಿ ದಾಖಲೆ, ಮಧ್ಯಾಹ್ನ ಎರಡರವರೆಗೆ, ಎಲ್ಲ ಕಾಲಂಗಳ ಸಮೇತ. ಮತ್ತು ವ್ಯವಸ್ಥೆಯಲ್ಲಿ ಈ ವರ್ಷ ಮಾಡಿದ ಬದಲಾವಣೆಗಳ ಪಟ್ಟಿ.

"ಎಲ್ಲಾನೂ ಹಸಿರಾಗಿದ್ದಾಗ ಬದಲಾವಣೆ ಪಟ್ಟಿ ಯಾಕೆ ನೋಡ್ಬೇಕು ಹೇಳು," ಎಂದ ಹಾಲ್ವಾರ್.

"ನೀನು ನೋಡಿಲ್ಲ ಅಂತಾಯ್ತು."

ಹಾಲ್ವಾರ್ ಸಂಜೆಯೊಳಗೆ ಕಳಿಸುತ್ತೇನೆ ಎಂದ.

*

ಎರಡನೆಯವನು ಸಿಂದ್ರೆ ವಾಲೊಕೆರ್. ವ್ಯವಸ್ಥೆಯನ್ನು ಬರೆದವನು ಅವನೇ. ಮಾರ್ಚ್ ಮೊದಲ ವಾರದಿಂದ, ಮಗು ಹುಟ್ಟಿದಾಗ ಅಪ್ಪನಿಗೆ ಸಿಗುವ ರಜೆಯಲ್ಲಿದ್ದ. ದೋಣಿಕಟ್ಟೆಯ ಬಳಿ ಮಗುವಿನ ಗಾಡಿ ತಳ್ಳುತ್ತಾ ಸಿಕ್ಕಿದ. ಮಗು ಮಲಗಿತ್ತು, ಗಾಡಿ ನಿಂತರೆ ಏಳುತ್ತದೆ ಎಂದು ನಾವೂ ಜೊತೆಗೆ ನಡೆಯಬೇಕಾಯಿತು.

ಅವನು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕೇಂದ್ರದ ತಂತ್ರಾಂಶ ಒಂದೇ ದೊಡ್ಡ ಗಂಟಲ್ಲ. ಸಣ್ಣ ಸಣ್ಣ ಸೇವೆಗಳು — ಒಂದು ಅಳೆಯುತ್ತದೆ, ಒಂದು ಅಳತೆ ನೋಡಿ ಅಪಾಯವೋ ಅಲ್ಲವೋ ಎಂದು ತೀರ್ಮಾನಿಸುತ್ತದೆ, ಒಂದು ಫೋನ್ ಮಾಡುತ್ತದೆ. ಪ್ರತಿಯೊಂದರ ಬಾಗಿಲಲ್ಲೂ ಒಬ್ಬ ದ್ವಾರಪಾಲಕ. ಅದೂ ಒಂದು ತಂತ್ರಾಂಶವೇ. ಸೇವೆಗಳು ನೇರವಾಗಿ ಮಾತಾಡುವುದಿಲ್ಲ, ಎಲ್ಲವೂ ದ್ವಾರಪಾಲಕರ ಕೈ ದಾಟಿಯೇ ಹೋಗಬೇಕು. ಈ ದ್ವಾರಪಾಲಕರ ಹೆಣಿಗೆಗೆ ಮೆಶ್ ಎಂದು ಹೆಸರು. ಕರೆ ಮಾಡುವ ಸೇವೆಗೆ ಎರಡು ಪ್ರತಿಗಳಿವೆ; ಒಂದು ಕೆಲಸಕ್ಕೆ, ಇನ್ನೊಂದು ಕಾದಿರಿಸಿದ್ದು. ಹತ್ತು ಸೆಕೆಂಡಿಗೊಮ್ಮೆ ಮೊದಲ ಪ್ರತಿಗೆ ಒಂದು ಪ್ರಶ್ನೆ ಹೋಗುತ್ತದೆ — ಕ್ಷೇಮವೇ? ಅದಕ್ಕೇ ಹೆಲ್ತ್ ಚೆಕ್ ಅನ್ನುವುದು. ಸತತ ಮೂರು ಸಲ ಸರಿಯಾದ ಉತ್ತರ ಬರದಿದ್ದರೆ ಮೊದಲನೆಯದನ್ನು ಬದಿಗೆ ಸರಿಸಿ, ಕೆಲಸವನ್ನು ಎರಡನೆಯದಕ್ಕೆ ವಹಿಸಲಾಗುತ್ತದೆ.

ಅಷ್ಟು ಕೇಳಿ ಒಡ್‌ಮುನ್ ಹೇಳಿದ, "ನಮ್ಮ ರೇಡಿಯೊದಲ್ಲಿ 'ಇದ್ದೀಯಾ' ಅಂತ ಕೇಳ್ತಿರ್ಲಿಲ್ಲ. ಇದ್ದೀನಿ ಅನ್ನೋಕೆ ಯಾರಿಗೂ ಕಷ್ಟ ಇಲ್ಲ. 'ನಾನು ಹೇಳಿದ್ದನ್ನ ತಿರುಗಿ ಹೇಳು' ಅಂತಿದ್ವಿ. ನೀನು ಏನು ಕೇಳ್ತೀಯ?"

ಸಿಂದ್ರೆಗೆ ಆ ಪ್ರಶ್ನೆ ಹಿಡಿಸಿತು. ತಾನೂ ಸುಮ್ಮನೆ 'ಇದ್ದೀಯಾ' ಎಂದು ಕೇಳುವಂತೆ ಬರೆದಿಲ್ಲ ಎಂದ. ಪ್ರಶ್ನೆ ಬಂದಾಗಲೆಲ್ಲ ಆ ಸೇವೆ ಓಸ್ಲೊದ ದೂರವಾಣಿ ವಿನಿಮಯವನ್ನು ತಟ್ಟಿ, ಲೈನ್ ಸಿಕ್ಕಿತು ಎಂದು ಖಾತ್ರಿ ಮಾಡಿಕೊಂಡೇ 'ಕ್ಷೇಮ' ಎನ್ನಬೇಕು. ಆದರೆ ಕಾಯುವ ಅವಧಿಯನ್ನು ಬಹಳ ಕಡಿಮೆ ಇಟ್ಟಿದ್ದ. ಓಸ್ಲೊ ಚೂರು ತಡ ಮಾಡಿದರೂ 'ಅಸ್ವಸ್ಥ' ಎಂದು ಗೋಡೆಯ ಪರದೆ ಕೆಂಪಾಗುತ್ತಿತ್ತು, ಪಾಳಿಯವರ ಫೋನಿಗೆ ಸಂದೇಶ ಬರುತ್ತಿತ್ತು. ಚಳಿಗಾಲದಲ್ಲಿ ವಾರಕ್ಕೆ ಇಪ್ಪತ್ತು ಸಲ. ಅವಧಿ ಹೆಚ್ಚಿಸಬೇಕಿತ್ತು. ಅಷ್ಟರಲ್ಲಿ ಮಗು ಹುಟ್ಟಿತು.

"ನೀನಿಲ್ಲದಾಗ ಯಾರು ನೋಡ್ಕೊಳ್ಬೇಕಿತ್ತು?"

"ಹಾಲ್ವಾರ್. ಆದ್ರೆ ಅವನು ಬೆರ್ಗನ್ ಬಿಟ್ಟು ಕದಲೋನಲ್ಲ. ಅದಕ್ಕೇ ಒಂದು ಹಾಳೇಲಿ ಬರೆದು ಉಸ್ತುವಾರಿ ಕೋಣೆ ಕಪಾಟಿನ ಬಾಗಿಲ ಒಳಗಡೆ ಅಂಟಿಸಿ ಹೋದೆ. ಯಾವ ಸಾಲು ತಿದ್ದಿದ್ರೆ ಏನಾಗತ್ತೆ ಅಂತ. ಅಲ್ಲಿರೋ ಗಣಕ ನನ್ನ ಹೆಸರಲ್ಲೇ ತೆರೆದಿರತ್ತೆ."

"ಅಂದ್ರೆ ಯಾರು ಕೈಯಾಡಿಸಿದ್ರೂ ನಿನ್ನ ಹೆಸರೇ ಬೀಳತ್ತೆ."

ಸಿಂದ್ರೆ ಗಾಡಿ ನಿಲ್ಲಿಸಿದ. ಮಗು ಎದ್ದು ಅಳತೊಡಗಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಒಡ್‌ಮುನ್‌ನ ಮುಖವನ್ನೇ ನೋಡುತ್ತಿದ್ದ.

"ಯಾರಾದ್ರೂ ತಿದ್ದಿದಾರಾ?"

"ಸಂಜೆ ಗೊತ್ತಾಗತ್ತೆ. ಮಗೂನ ಎತ್ಕೊ ಮಾರಾಯ."

*

ಯೋರುನ್‌ಳ ಅಡುಗೆಮನೆಯಲ್ಲಿ ಕಾಫಿ ತಯಾರಿತ್ತು. ಮೇಜಿನ ಮೇಲೆ ಲೆಫ್ಸೆ ಎಂಬ ತೆಳು ರೊಟ್ಟಿಯ ತಟ್ಟೆ, ಯಾರೂ ಮುಟ್ಟಿರಲಿಲ್ಲ. ಅದನ್ನು ತಂದುಕೊಟ್ಟವಳು ಸೋಲ್‌ಫ್ರಿ ನೆಸ್ಸೆಟ್, ಕೇಂದ್ರದ ಮೇಲ್ವಿಚಾರಕಿ. ಅವಳೂ ಅಲ್ಲೇ ಇದ್ದಳು. ಯೋರುನ್ ಜೊತೆ ಒಂದೇ ತರಗತಿಯಲ್ಲಿ ಓದಿದವಳು. ಈ ಎರಡು ವಾರದಲ್ಲಿ ದಿನ ಬಿಟ್ಟು ದಿನ ಬಂದುಹೋಗುತ್ತಿದ್ದಳು. ಹಾಲ್ವಾರ್‌ನ ವರದಿಗೆ ಸಹಿ ಹಾಕಲು ಒಲ್ಲೆ ಎಂದವಳು ಅವಳೊಬ್ಬಳೇ ಎಂದು ನಾನು ಕೇಳಿದ್ದೆ.

ಒಡ್‌ಮುನ್ ಯೋರುನ್‌ಳ ಫೋನ್ ಕೇಳಿ ತೆಗೆದುಕೊಂಡ. ಅಂದು ಹನ್ನೊಂದು ನಲವತ್ತೊಂದಕ್ಕೆ ಅವಳ ತಂಗಿ ಕಳಿಸಿದ ಚಿತ್ರವೊಂದು ಬಂದಿತ್ತು. ಅವಳು ಅದಕ್ಕೆ ಆಗಲೇ ಉತ್ತರಿಸಿದ್ದಳು. ಜಾಲಸಂಪರ್ಕ ಆರಿಸಿಟ್ಟ ಫೋನ್ ಹಾಗೆ ಮಾಡುವುದಿಲ್ಲ.

"ಇದನ್ನ ಹಾಲ್ವಾರ್‌ಗೆ ತೋರಿಸಿದ್ಯಾ?"

"ತೋರಿಸ್ದೆ. ಆಮೇಲೆ ಮೌನಕ್ಕೆ ಹಾಕಿರ್ತೀಯ ಅಂದ."

"ಹಾಕಿದ್ಯಾ?"

"ಹಾಕಿದ್ರೆ ಐವತ್ನಾಲ್ಕಕ್ಕೆ ಹ್ಯಾಗೆ ಹೊಡ್ಕೊಳ್ತು? ನನ್ನ ಕೈ ಎರಡೂ ತೊಟ್ಟಿ ಒಳಗಿತ್ತು. ನಾನು ಫೋನ್ ಮುಟ್ಟೇ ಇಲ್ಲ." ಅವಳ ದನಿ ಏರಲಿಲ್ಲ. "ಅದನ್ನೂ ಹೇಳ್ದೆ. ಯಾರೂ ಬರ್ಕೊಳ್ಳಿಲ್ಲ."

ಒಡ್‌ಮುನ್ ಬರೆದುಕೊಂಡ. ನಂತರ ಕೋಣೆಯಲ್ಲಿದ್ದ ಎಲ್ಲರಿಗೂ ಎಂಬಂತೆ ಕೇಳಿದ — ಫೋನಿನ ಸುಳ್ಳು ಸಂದೇಶಗಳು ಯಾವಾಗ ನಿಂತವು?

ಯೋರುನ್ ಯೋಚಿಸಿದಳು. ಈಸ್ಟರ್ ರಜೆಗೆ ಸ್ವಲ್ಪ ಮುಂಚೆ. ಒಂದು ಗುರುವಾರದಿಂದ ಒಮ್ಮೆಗೇ ನಿಂತಿತ್ತು. ಸಿಂದ್ರೆ ಮನೆಯಿಂದಲೇ ಸರಿಮಾಡಿರಬೇಕು ಎಂದುಕೊಂಡಿದ್ದಳಂತೆ. ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದ್ದಳಂತೆ.

ಸೋಲ್‌ಫ್ರಿ ಎದ್ದು ಎಲ್ಲರ ಕಪ್‌ಗೂ ಕಾಫಿ ತುಂಬಿದಳು. ಒಡ್‌ಮುನ್ ಅವಳನ್ನು ಕೇಳಿದ್ದು ಒಂದೇ: ಅಂದು ಸಾವು ಗೊತ್ತಾದ ಮೇಲೆ ನೀನೆಲ್ಲಿದ್ದೆ? ಎಲ್ಲರ ಜೊತೆ ಹಾಲ್‌ನಲ್ಲೇ, ಮೀನು ಎತ್ತುತ್ತಿದ್ದೆ, ಎಂದಳು. ಒಂದು ಸಲ ಮಾಲೀಕರಿಗೆ ಫೋನ್ ಮಾಡಲು ಹೊರಗೆ ಹೋಗಿದ್ದಳು. ಯಾಕೆ ಕೇಳುತ್ತೀಯ ಎಂದು ತಿರುಗಿ ಕೇಳಲಿಲ್ಲ.

*

ಹಾಲ್ವಾರ್‌ನ ಕಾಗದಗಳು ನಾಲ್ಕು ಗಂಟೆಗೆ ಬಂದವು. ಉಸ್ತುವಾರಿ ಕೋಣೆಯಲ್ಲಿ ಕೂತು ನೋಡಿದೆವು. ಗೋಡೆಯ ಮೇಲೆ ದೊಡ್ಡ ಪರದೆ. ಪ್ರತಿ ಸೇವೆಗೂ ಒಂದು ದುಂಡನೆಯ ಹಸಿರು ಚುಕ್ಕೆ. ಕಪಾಟಿನ ಬಾಗಿಲ ಒಳಗೆ ಸಿಂದ್ರೆಯ ಹಾಳೆ ಇನ್ನೂ ಇತ್ತು.

ಒಡ್‌ಮುನ್ ಒಂದು ಕಾಲಂ ಮೇಲೆ ಬೆರಳಿಟ್ಟು ಓದಲು ಹೇಳಿದ. ಪ್ರತಿ ಉತ್ತರಕ್ಕೂ ಹಿಡಿದ ಸಮಯ, ಮಿಲಿಸೆಕೆಂಡಿನಲ್ಲಿ. ನಾನು ಓದಿದೆ — ಒಂದು, ಒಂದು, ಒಂದು, ಒಂದು. ಪುಟ ತಿರುಗಿಸಿದೆ. ಒಂದು, ಒಂದು.

"ಚೆನ್ನಾಗಿದೆಯಲ್ಲ. ಒಂದೇ ಸಮ," ಎಂದೆ.

"ನಿನ್ನ ಮೀನಿನ ಗುಂಡಿಗೆ ನಾಲ್ಕೂವರೆ ಸಾವಿರ ಸಲ ಒಂದೇ ಸಮ ಬಡಿದ್ರೆ ಚೆನ್ನಾಗಿದೆ ಅಂತೀಯಾ?"

ನಾನು ಮತ್ತೆ ಪುಟ ತಿರುಗಿಸಿದೆ. ಅಲ್ಲೂ ಒಂದು, ಒಂದು.

"ಓಸ್ಲೊ ಎಷ್ಟು ದೂರ? ಅಲ್ಲಿಗೆ ಹೋಗಿ, ಬಾಗಿಲು ತಟ್ಟಿ, ವಾಪಸ್ ಬರೋಕೆ ಒಂದು ಮಿಲಿಸೆಕೆಂಡ್ ಸಾಕಾ? ಇದು ಓಸ್ಲೊಗೆ ಹೋಗೇ ಇಲ್ಲ. ಸೇವೆ ಹತ್ರಾನೂ ಹೋಗಿಲ್ಲ. ಬಾಗಿಲಲ್ಲಿ ನಿಂತೋನು ತಾನೇ ಉತ್ತರ ಕೊಟ್ಟು ಕಳಿಸಿದಾನೆ."

ಅವನು ಹಳೆಯ ಪುಟ ತೆಗೆದ. ಮಾರ್ಚ್ ತಿಂಗಳದು. ಅಲ್ಲಿ ನೂರಾ ನಲವತ್ತು, ತೊಂಬತ್ತೊಂದು, ನೂರಾ ಎಪ್ಪತ್ತು, ಇನ್ನೂರಾ ಹತ್ತು — ಒಂದು ಇದ್ದಂತೆ ಇನ್ನೊಂದಿಲ್ಲ. ಮಾರ್ಚ್ ಇಪ್ಪತ್ತೇಳರ ಗುರುವಾರ ಹನ್ನೆರಡು ಹತ್ತರ ನಂತರ ಎಲ್ಲವೂ ಒಂದು.

ಬದಲಾವಣೆಯ ಪಟ್ಟಿಯಲ್ಲಿ ಆ ದಿನ ಆ ಹೊತ್ತಿಗೆ ಒಂದು ತಿದ್ದುಪಡಿ ಇತ್ತು. ಯಾರನ್ನು ಕೇಳಬೇಕು ಎಂಬ ಸಾಲಿನಲ್ಲಿ ಸೇವೆಯ ಹೆಸರು ಅಳಿಸಿ ದ್ವಾರಪಾಲಕನ ಹೆಸರು ಹಾಕಲಾಗಿತ್ತು. ತಿದ್ದಿದ ಹೆಸರು ಸಿಂದ್ರೆ. ತಿದ್ದಿದ ಜಾಗ ಉಸ್ತುವಾರಿ ಕೋಣೆಯ ಗಣಕ.

ಆಮೇಲೆ ನಡೆದದ್ದು ಊಹಿಸುವುದು ಕಷ್ಟವಿರಲಿಲ್ಲ. ಆ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಕರೆ ಸೇವೆಯ ಬಳಿಯಿದ್ದ ದೂರವಾಣಿ ವಿನಿಮಯದ ಪರವಾನಗಿ ಪತ್ರದ ಅವಧಿ ಮುಗಿದಿತ್ತು. ಅಲ್ಲಿಂದಾಚೆ ಅದು ಯಾರಿಗೂ ಕರೆ ಮಾಡಲಾರದಂತಾಗಿತ್ತು. ಹೊಸ ಪತ್ರ ಎರಡನೆಯ ಪ್ರತಿಯ ಬಳಿ ಇತ್ತು. ಹಳೆಯ ಪ್ರಶ್ನೆಯನ್ನೇ ಕೇಳಿದ್ದರೆ ಅರ್ಧ ನಿಮಿಷದಲ್ಲಿ ಕಾಯಿಲೆ ಸಿಕ್ಕಿಬೀಳುತ್ತಿತ್ತು, ಕೆಲಸ ಎರಡನೆಯದಕ್ಕೆ ಹೋಗುತ್ತಿತ್ತು. ಬದಲಿಗೆ ದ್ವಾರಪಾಲಕ ಕ್ಷೇಮ, ಕ್ಷೇಮ ಎನ್ನುತ್ತಲೇ ಇದ್ದ. ಆಮ್ಲಜನಕ ಇಳಿದಾಗ ತೀರ್ಮಾನದ ಸೇವೆ ನಿಮಿಷಕ್ಕೊಮ್ಮೆ ಕರೆ ಮಾಡು, ಕರೆ ಮಾಡು ಎಂದು ಹೇಳಿದೆ. ಹೇಳಿದ್ದೆಲ್ಲ ಬಾಯಿ ಕಟ್ಟಿದವನ ಕೈಗೆ ಹೋಗಿದೆ.

"ಯೋರುನ್ ಬಚಾವಾದಳು," ಎಂದೆ.

"ಅಷ್ಟು ಬೇಗ ಬೇಡ. ಹಾಳೆ ಕಪಾಟಿನಲ್ಲಿದೆ, ಅವಳಿಗೂ ಗೊತ್ತು. ಸುಳ್ಳು ಸಂದೇಶದಿಂದ ಹೆಚ್ಚು ನರಳಿದೋಳು ಅವಳೇ. ಅವಳೇ ತಿದ್ದಿದ್ಲು ಅಂತ ಹಾಲ್ವಾರ್ ನಾಳೆ ಬೆಳಗ್ಗೆ ಹೇಳ್ತಾನೆ ನೋಡು." ಅವನು ಪಟ್ಟಿಯ ಕೊನೆಯ ಸಾಲಿಗೆ ಬೆರಳು ಜಾರಿಸಿದ. "ಆದ್ರೆ ಇನ್ನೊಂದಿದೆ."

ಅದೇ ಮಂಗಳವಾರ, ಹನ್ನೆರಡು ಐವತ್ತೆರಡು. ಅದೇ ಗಣಕ, ಅದೇ ಸಿಂದ್ರೆ ಹೆಸರು. ದ್ವಾರಪಾಲಕನ ಹೆಸರು ಅಳಿಸಿ, ಸೇವೆಯ ಹೆಸರನ್ನು ಮತ್ತೆ ಬರೆಯಲಾಗಿತ್ತು. ದಾಖಲೆಯ ಪುಟದಲ್ಲಿ ಅದರ ಕೆಳಗೇ ಮೂರು ಸಾಲು — ಅಸ್ವಸ್ಥ, ಅಸ್ವಸ್ಥ, ಅಸ್ವಸ್ಥ. ನಂತರ ಎರಡನೆಯ ಪ್ರತಿ ಕೆಲಸಕ್ಕೆ ಇಳಿದಿದೆ. ಕಾದು ಕೂತಿದ್ದ ಕರೆ ಹೊರಟಿದೆ.

ಹನ್ನೆರಡು ಐವತ್ತನಾಲ್ಕು.

"ಆ ಫೋನ್ ತಡವಾಗಿ ಹೊಡ್ಕೊಂಡಿದ್ದಲ್ಲ, ಆಸ್ಲೌಗ್. ಯಾರೋ ಆಗಷ್ಟೇ ಸರಿಮಾಡಿದ್ರು, ಅದಕ್ಕೇ ಹೊಡ್ಕೊಳ್ತು. ಎಲ್ಲಿ ತಪ್ಪಿದೆ ಅಂತ ಇಡೀ ಊರಿಗೆ ಗೊತ್ತಿಲ್ದಿದ್ದಾಗ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆ ಹೊತ್ತಿಗೆ ಹಾಲ್ ಒಳಗೆ ಇಲ್ದೋರು ಯಾರು?"

ಉತ್ತರ ನನ್ನ ಚೀಲದಲ್ಲಿತ್ತು. ಎರಡು ವಾರದಿಂದ ಇತ್ತು. ಸೋಂಕು ಹರಡದಂತೆ ಹಾಲ್‌ಗೆ ಹೋಗುವವರೆಲ್ಲ ಬೂಟು ಬದಲಿಸಿ, ಕೈ ತೊಳೆದು, ಬಾಗಿಲ ಪುಸ್ತಕದಲ್ಲಿ ಹೆಸರು ಮತ್ತು ಹೊತ್ತು ಬರೆಯಬೇಕು. ಹೊರಗೆ ಬರುವಾಗಲೂ ಬರೆಯಬೇಕು. ಆ ನಿಯಮ ಮಾಡಿದವಳೇ ನಾನು. ಅಂದಿನ ಪುಟವನ್ನು ರೋಗದ ಕಣ್ಣಿನಿಂದ ಮಾತ್ರ ನೋಡಿ ಮಡಚಿಟ್ಟಿದ್ದೆ.

ಯೋರುನ್: ಒಳಗೆ ಹನ್ನೆರಡು ಇಪ್ಪತ್ತು, ಹೊರಗೆ ಮೂರು. ಉಳಿದ ಮೂವರು ಕೆಲಸಗಾರರು: ಒಳಗೆ ಹನ್ನೆರಡು ಇಪ್ಪತ್ತೈದು, ಹೊರಗೆ ಮೂರು. ಐದನೆಯ ಹೆಸರಿನ ಮುಂದೆ ನಾಲ್ಕು ಅಂಕಿಗಳಿದ್ದವು. ಒಳಗೆ ಹನ್ನೆರಡು ಇಪ್ಪತ್ತೆಂಟು. ಹೊರಗೆ ಹನ್ನೆರಡು ನಲವತ್ತಾರು. ಮತ್ತೆ ಒಳಗೆ ಒಂದು ಗಂಟೆ ಒಂದು ನಿಮಿಷ. ಮತ್ತೆ ಹೊರಗೆ ಮೂರು.

ನಾನು ಆ ಪುಟವನ್ನು ಅವನ ಕಡೆ ತಿರುಗಿಸಿದೆ. ಹೆಸರನ್ನು ಬಾಯಿಬಿಟ್ಟು ಹೇಳಲು ಮನಸ್ಸಾಗಲಿಲ್ಲ.

ಅವನು ಓದಿ ತಲೆಯಾಡಿಸಿದ. ಸಿಂದ್ರೆ ಆ ಹೊತ್ತಿಗೆ ಮಗುವಿನೊಡನೆ ದಾದಿಯ ಬಳಿ ಚುಚ್ಚುಮದ್ದಿಗೆ ಹೋಗಿದ್ದ. ಅದನ್ನು ಒಡ್‌ಮುನ್ ಆಗಲೇ ವಿಚಾರಿಸಿಟ್ಟಿದ್ದ. ಹಾಲ್ವಾರ್ ಹದಿನಾಲ್ಕು ಜನರ ಮುಂದಿದ್ದ. ಮಾಲೀಕರ ಫೋನಿಗೆ ಅಂದು ಕೇಂದ್ರದಿಂದ ಕರೆ ಹೋದದ್ದು ಹನ್ನೆರಡು ಐವತ್ತೇಳಕ್ಕೆ. ಅದಕ್ಕೆ ಹನ್ನೊಂದು ನಿಮಿಷ ಮುಂಚೆ ಹಾಲ್‌ನಿಂದ ಹೊರಬಂದವಳು ಆ ಹನ್ನೊಂದು ನಿಮಿಷ ಎಲ್ಲಿದ್ದಳು?

*

ಮರುದಿನ ಬೆಳಗ್ಗೆ ಹತ್ತಕ್ಕೆ ಊಟದ ಕೋಣೆಯಲ್ಲಿ ಎಲ್ಲರೂ ಸೇರಿದರು. ಹಾಲ್ವಾರ್ ಮೊದಲ ಬಾರಿಗೆ ಬೆರ್ಗನ್ ಬಿಟ್ಟು ಬಂದಿದ್ದ. ಸಿಂದ್ರೆ ಮಗುವನ್ನು ಎದೆಗೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಯೋರುನ್ ತನ್ನ ಹಳೆಯ ಕುರ್ಚಿಯಲ್ಲಿ ಕೂರದೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು. ಸೋಲ್‌ಫ್ರಿ ಅವಳ ಪಕ್ಕದಲ್ಲಿ.

ಒಡ್‌ಮುನ್ ಕಾಲಂ ತೋರಿಸಿದ, ಎರಡು ತಿದ್ದುಪಡಿ ತೋರಿಸಿದ, ಮೂರು 'ಅಸ್ವಸ್ಥ' ತೋರಿಸಿದ. ಮೊದಲ ತಿದ್ದುಪಡಿಯ ಮಾತು ಬಂದ ಕೂಡಲೇ ಹಾಲ್ವಾರ್ ಯೋರುನ್ ಕಡೆ ನೋಡಿ ಬಾಯಿ ತೆರೆದ. ಎರಡನೆಯದು ಬಂದಾಗ ಮುಚ್ಚಿಕೊಂಡ.

"ಮೊದಲನೇ ತಿದ್ದುಪಡಿ ಯಾರು ಬೇಕಾದ್ರೂ ಮಾಡಿರಬಹುದಿತ್ತು," ಎಂದ ಒಡ್‌ಮುನ್. "ಎರಡನೇದು ಮಾಡೋಕೆ ಮೊದಲನೇದು ಮಾಡಿದೋರಿಗೆ ಮಾತ್ರ ಸಾಧ್ಯ. ಐವತ್ತೆರಡಕ್ಕೆ ಯೋರುನ್ ತೊಟ್ಟಿಯಲ್ಲಿದ್ಲು, ಮೂರು ಜನ ಅವಳ ಪಕ್ಕ ಇದ್ರು. ಆಸ್ಲೌಗ್‌ಳ ಬಾಗಿಲ ಪುಸ್ತಕದ ಪ್ರಕಾರ ಹೊರಗಿದ್ದಿದ್ದು ಒಬ್ಬಳು. ಸೋಲ್‌ಫ್ರಿ, ನೀನು ಸುಳ್ಳು ಹೊತ್ತು ಬರೀಬಹುದಿತ್ತು. ಬರೀಲಿಲ್ಲ."

ಸೋಲ್‌ಫ್ರಿ ಅಲ್ಲಗಳೆಯಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕೆಲಸದ ವಿವರ ಒಪ್ಪಿಸುವವಳಂತೆ ಹೇಳಿದಳು. ಮಾರ್ಚ್ ಇಪ್ಪತ್ತೇಳರಂದು ಯೋರುನ್ ಇದೇ ಮೇಜಿನ ಮೇಲೆ, ಬ್ರೆಡ್ ಕೈಯಲ್ಲಿದ್ದಂತೆಯೇ ನಿದ್ದೆಹೋಗಿದ್ದಳು. ಎರಡು ದಿನದಲ್ಲಿ ಹನ್ನೊಂದು ಸುಳ್ಳು ಸಂದೇಶ. ಹಾಲ್ವಾರ್‌ಗೆ ಮೂರು ಸಲ ಬರೆದಿದ್ದಳು, ಉತ್ತರವಿಲ್ಲ. ಸಿಂದ್ರೆಯ ಹಾಳೆ ತೆಗೆದು ಕಾಯುವ ಅವಧಿ ಹೆಚ್ಚಿಸಿದಳು, ಅದು ಉಳಿಯಲಿಲ್ಲ. ಹಾಳೆಯಲ್ಲಿ ಅದರ ಕೆಳಗಿದ್ದ, ಯಾರನ್ನು ಕೇಳಬೇಕು ಎಂಬ ಸಾಲು ತಿದ್ದಿದಳು. ಚುಕ್ಕೆ ಹಸಿರಾಯಿತು. ಸಿಂದ್ರೆಗೆ ಹೇಳಬೇಕು ಎಂದುಕೊಂಡಳು. ಈಸ್ಟರ್ ಬಂತು.

"ಆ ದಿನ ಪರದೆ ನೋಡ್ದೆ. ಅಷ್ಟು ಮೀನು ಸತ್ತಿತ್ತು, ಪರದೆ ಎಲ್ಲಾ ಹಸಿರು. ಆಗ ಗೊತ್ತಾಯ್ತು. ವಾಪಸ್ ತಿದ್ದಿ ಹೊರಗೆ ಬಂದೆ, ಒಳಗಡೆ ಇವಳ ಫೋನ್ ಹೊಡ್ಕೊಳ್ಳೋದು ಕೇಳಿಸ್ತು. ಸಂಜೆ ಹೇಳ್ತೀನಿ ಅಂದ್ಕೊಂಡೆ. ಸಂಜೆ ಹಾಲ್ವಾರ್ ಫೋನ್ ಮಾಡಿ ವ್ಯವಸ್ಥೆ ಸರಿಯಾಗಿದೆ ಅಂದ. ಆಮೇಲೆ ಹೇಳೋದು ದಿನಾ ಕಷ್ಟ ಆಗ್ತಾ ಹೋಯ್ತು."

"ನೀನು ಬರೆದಿದ್ದ ಮೂರು ಪತ್ರ ನಾನು ನೋಡಿರ್ಲಿಲ್ಲ," ಎಂದ ಹಾಲ್ವಾರ್. ಯಾರೂ ಅವನನ್ನು ಕೇಳಿರಲಿಲ್ಲ.

ಸಿಂದ್ರೆ ತನ್ನ ಹಾಳೆಯಲ್ಲಿ ಕೆಳಗಿನ ಸಾಲನ್ನು ಬರೆಯಲೇಬಾರದಿತ್ತು ಎಂದ. ಅವಧಿಯ ಅಂಕಿ ಎರಡು ಕಡೆ ಇತ್ತು, ಒಂದನ್ನಷ್ಟೇ ಬರೆದಿದ್ದ; ಅವಳು ಹೆಚ್ಚಿಸಿದ್ದು ಉಳಿಯದಿದ್ದದ್ದು ಅದಕ್ಕೇ. ಅದನ್ನು ಹೇಳುವಾಗ ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡಿದ್ದ.

ಒಡ್‌ಮುನ್ ಕಾಗದಗಳನ್ನು ಜೋಡಿಸಿಟ್ಟ. "ಮೀನು ಸತ್ತಿದ್ದಕ್ಕೆ ನಿಮ್ಮಲ್ಲಿ ಮೂವರ ಪಾಲಿದೆ. ಅದನ್ನ ಹಾಗೇ ಬರೀತೀನಿ. ಆದ್ರೆ ಇನ್ನೊಬ್ಬಳ ಮೇಲೆ ತಪ್ಪು ಬೀಳೋವಾಗ ಸುಮ್ನೆ ನೋಡ್ತಾ ಇದ್ದಿದ್ದು ಒಬ್ಬಳೇ. ಅದನ್ನೂ ಬರೀತೀನಿ."

ಯೋರುನ್ ಅಷ್ಟು ಹೊತ್ತೂ ನೆಲ ನೋಡುತ್ತಿದ್ದಳು. ಈಗ ಪಕ್ಕಕ್ಕೆ ತಿರುಗಿದಳು.

"ನೀನು ಏಳು ಸಲ ಬಂದೆ ನಮ್ಮನೆಗೆ. ಪ್ರತಿ ಸಲ ಹ್ಯಾಗಿದ್ದೀಯ ಅಂತ ಕೇಳ್ದೆ. ನಾನು ಚೆನ್ನಾಗಿದ್ದೀನಿ ಅಂದೆ. ನಂಬಿದ್ಯಾ?"

ಸೋಲ್‌ಫ್ರಿ "ಇಲ್ಲ," ಎಂದಳು.

"ಒಂದು ಮಾತು ಹೇಳಿದ್ದಿದ್ರೆ ನಾನೇ ನಿನ್ನ ಪರ ನಿಂತ್ಕೋತಿದ್ದೆ ಕಣೇ. ನನಗೋಸ್ಕರ ತಾನೇ ಮಾಡಿದ್ದು."

ಸೋಲ್‌ಫ್ರಿ ಎದ್ದಳು. ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು, ಕೋಟು ತೆಗೆದುಕೊಂಡು ಹೊರಗೆ ಹೋದಳು. ಕಿಟಕಿಯಿಂದ ನೋಡಿದಾಗ ಅವಳು ಕಾರಿನ ಬಳಿ ನಿಂತಿದ್ದಳು, ಬಾಗಿಲು ತೆರೆದಿರಲಿಲ್ಲ.

ಯೋರುನ್ ಎದ್ದು ಗೋಡೆಯ ಮೇಲಿದ್ದ ಪಾಳಿಯ ಪಟ್ಟಿಯ ಮುಂದೆ ನಿಂತಳು. ತನ್ನ ಹೆಸರನ್ನು ಅಳಿಸಿ ಬೇರೆಯವರದು ಬರೆದಿದ್ದ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳು. ನಂತರ ನಾಳೆ ಬೆಳಗಿನ ಪಾಳಿ ತನಗೇ ಇರಲಿ ಎಂದಳು. ಎರಡನೆಯ ತೊಟ್ಟಿಯ ಮೀನು ಸೋಮವಾರ ಸಮುದ್ರಕ್ಕೆ ಹೋಗಬೇಕು, ಅದಕ್ಕೆ ಮುಂಚೆ ಅವನ್ನು ಎಣಿಸಬೇಕು.